ಇಸಿಎಂ ಬದಲಿಸುವ ಮುನ್ನ: ನಾಲ್ಕು ಭಾನುವಾರಗಳ ದಾಖಲೆ

ಮೊದಲ ಭಾನುವಾರ

ಜುಲೈ ಮಳೆಯಲ್ಲಿ ಕಾರವಾರದಿಂದ ಯಲ್ಲಾಪುರಕ್ಕೆ ಹೊರಟಿದ್ದಾಗ, ಅರಬೈಲ್ ಘಟ್ಟದ ಏರಿನಲ್ಲಿ ನನ್ನ ಹಳೆಯ ಪೆಟ್ರೋಲ್ ಕಾರು ಎರಡು ಸಲ ಜಗ್ಗಿ ನಿಂತುಹೋಯಿತು. ಆರ್‌ಪಿಎಂ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದಿತ್ತು. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಚಾಲೂ ಆಯಿತು. ಮೂರು ದಿನಗಳ ನಂತರ ಮತ್ತೆ ನಿಂತಾಗ ಗ್ಯಾರೇಜಿನವರು ಬಂದು, ಕಾರಿನ ದೋಷ ಓದುವ ಸ್ಕ್ಯಾನರ್ ಜೋಡಿಸಿದರು. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರು, ಅಂದರೆ ಇಸಿಎಂ, ಉತ್ತರವನ್ನೇ ಕೊಡಲಿಲ್ಲ. "ಇಸಿಎಂ ಹೋಗಿದೆ, ಬದಲಿಸಬೇಕು" ಎಂಬ ತೀರ್ಪು ಅಲ್ಲೇ ಬಂತು.

ನಾನು ಒಪ್ಪಲಿಲ್ಲ. ಸೆಕೆಂಡ್‌ಹ್ಯಾಂಡ್ ಇಸಿಎಂ ತಂದರೂ ಅದನ್ನು ಕೀಲಿಯ ಇಮೊಬಿಲೈಸರಿಗೆ (ಕಳ್ಳತನ ತಡೆಯುವ ವ್ಯವಸ್ಥೆಗೆ) ಹೊಂದಿಸದೆ ಕಾರು ಚಾಲೂ ಆಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ದೋಷ ವೈರಿಂಗಿನಲ್ಲಿದ್ದರೆ ಹೊಸ ಪೆಟ್ಟಿಗೆಯೂ ಹಳೆಯದರಂತೆಯೇ ಮೌನ ತಾಳುತ್ತದೆ. ಆಗೊಮ್ಮೆ ಈಗೊಮ್ಮೆ ಸರಿಯಾಗಿ ಓಡುವ ಇಸಿಎಂ ಸತ್ತಿದೆ ಎನ್ನುವುದು ನನಗೆ ಸರಿಕಾಣಲಿಲ್ಲ.

ಎರಡನೆಯ ಭಾನುವಾರ

ಬೈತಖೋಲದಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವ ನೆರೆಯವರ ಮಾತು ಒಂದೇ: "ಮೊದಲು ಅರ್ತಿಂಗ್ ನೋಡು ಮಾರಾಯ, ಉಳಿದದ್ದು ಆಮೇಲೆ." ಸಮುದ್ರದ ಉಪ್ಪುಗಾಳಿಯೊಡನೆ ಬಾಳಿದವರ ಮಾತು ಅದು. ಅರ್ತಿಂಗ್ ಎಂದರೆ ವಿದ್ಯುತ್ತು ಕಾರಿನ ಲೋಹದ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ. ಬ್ಯಾಟರಿ ನಿಂತ ಸ್ಥಿತಿಯಲ್ಲಿ 12.5 ವೋಲ್ಟ್, ಸ್ಟಾರ್ಟರ್ ತಿರುಗುವಾಗ 10.4, ದೂರುವಂಥದ್ದೇನೂ ಇಲ್ಲ. ಆದರೆ ಬ್ಯಾಟರಿಯ ನೆಗೆಟಿವ್ ತುದಿಗೂ ಇಸಿಎಂನ ಅರ್ತ್ ಪಿನ್ನಿಗೂ ನಡುವೆ, ಸ್ಟಾರ್ಟರ್ ತಿರುಗುತ್ತಿರುವಾಗಲೇ ಅಳೆದರೆ 0.36 ವೋಲ್ಟ್ ಕಂಡಿತು. ಅದು 0.1ಕ್ಕಿಂತ ಕಡಿಮೆ ಇರಬೇಕು. ಅರ್ತ್ ಬೋಲ್ಟ್ ಬಿಚ್ಚಿದಾಗ ರಿಂಗಿನ ಕೆಳಗೆ ಹಸಿರು ಕಿಲುಬು ಕಟ್ಟಿತ್ತು. ಉಜ್ಜಿ, ಗ್ರೀಸ್ ಹಚ್ಚಿ ಬಿಗಿದ ಮೇಲೆ 0.05ಕ್ಕೆ ಇಳಿಯಿತು.

ಪವರ್ ಮತ್ತು ಅರ್ತ್ ಪಿನ್ನುಗಳ ನಡುವೆ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನೂ ಉರಿಸಿ ನೋಡಿದೆ. ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರು 12 ವೋಲ್ಟ್ ತೋರಿಸಿ ನಮ್ಮನ್ನು ನಂಬಿಸುತ್ತದೆ. ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುವ ಬಲ್ಬು ಹಾಗೆ ನಂಬಿಸಲಾರದು. ಬಲ್ಬು ಪೂರ್ತಿ ಬೆಳಗಿತು. (ಸೆನ್ಸರುಗಳ 5 ವೋಲ್ಟ್ ತಂತಿಗೆ ಮಾತ್ರ ಈ ಬಲ್ಬನ್ನು ಎಂದೂ ಮುಟ್ಟಿಸಬಾರದು.) ಆದರೂ ಕಾರು ಬುಧವಾರ ಮತ್ತೆ ನಿಂತಿತು.

ಮೂರನೆಯ ಭಾನುವಾರ

ಈ ಸಲ ಕಾರು ಸರಿಯಿರುವಾಗಲೇ ಸ್ಕ್ಯಾನರ್ ಜೋಡಿಸಿದೆ. ಪಿ 0107 ಮತ್ತು ಪಿ 0122 ಎಂಬ ಎರಡು ದೋಷದ ಕೋಡುಗಳು ಉಳಿದಿದ್ದವು: ಮೊದಲನೆಯದು ಎಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನದು, ಎರಡನೆಯದು ಆ ಗಾಳಿಯ ಬಾಗಿಲು ಎಷ್ಟು ತೆರೆದಿದೆ ಎಂದು ತಿಳಿಸುವ ಥ್ರಾಟಲ್ ಸೆನ್ಸರಿನದು, ಎರಡೂ ವೋಲ್ಟೇಜ್ ಕಡಿಮೆ ಎಂದೇ ಹೇಳುತ್ತವೆ. ಎರಡು ಸೆನ್ಸರುಗಳು ಒಟ್ಟಿಗೇ ಕೆಡುವುದು ಅಪರೂಪ. ಎರಡಕ್ಕೂ 5 ವೋಲ್ಟ್ ಹಂಚುವ ತಂತಿ ಮಾತ್ರ ಒಂದೇ. ಎಂಜಿನ್ ತಿರುಗುವ ವೇಗವನ್ನು ತಿಳಿಸುವ ನನ್ನ ಕಾರಿನ ಕ್ರ್ಯಾಂಕ್ ಸೆನ್ಸರ್, ಹೊರಗಿನ ವಿದ್ಯುತ್ತಿಲ್ಲದೆ ಕೆಲಸ ಮಾಡದ ಹಾಲ್ ಮಾದರಿಯದಾಗಿದ್ದು, ಅದೂ ಇದೇ 5 ವೋಲ್ಟನ್ನು ನೆಚ್ಚಿಕೊಂಡಿದೆ. ಆರ್‌ಪಿಎಂ ಮುಳ್ಳು ಬಿದ್ದದ್ದೇಕೆಂದು ಆಗ ಹೊಳೆಯಿತು.

ಮ್ಯಾಪ್ ಸೆನ್ಸರಿನ ಪ್ಲಗ್ಗಿನ ಹಿಂಬದಿಯಿಂದ ಗುಂಡುಸೂಜಿ ತೂರಿಸಿ, ಅದಕ್ಕೆ ಮೀಟರ್ ಸಿಕ್ಕಿಸಿ, ಎಂಜಿನ್ ಚಾಲೂ ಇಟ್ಟು ವೈರಿಂಗನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಹೋದೆ. ಗೇರ್‌ಬಾಕ್ಸ್ ಬದಿಯ ಬ್ರಾಕೆಟ್ ಹತ್ತಿರ ಕೈಯಿಟ್ಟೊಡನೆ 4.98 ಇದ್ದದ್ದು 0.3 ಆಯಿತು, ಎಂಜಿನ್ ನಿಂತಿತು, ಸ್ಕ್ಯಾನರಿನ ಸಂಪರ್ಕವೂ ಕಡಿಯಿತು. 5 ವೋಲ್ಟ್ ತಂತಿ ಕಾರಿನ ಲೋಹದ ಮೈಗೆ ತಾಗಿದರೆ ಕೆಲವು ಕಾರುಗಳಲ್ಲಿ ಇಸಿಎಂ ಹೀಗೆ ಮಾತು ನಿಲ್ಲಿಸುತ್ತದೆ. ಗ್ಯಾರೇಜಿನವರು ಕಂಡದ್ದು ಸುಳ್ಳಲ್ಲ, ಆದರೆ ಅದರಿಂದ ತೆಗೆದ ತೀರ್ಮಾನ ಆತುರದ್ದು.

ಅಲುಗಾಡಿಸಿದ ವೈರಿಂಗನ್ನು ಹಾಗೆಯೇ ಬಿಟ್ಟು ಮೂರೂ ಸೆನ್ಸರುಗಳ ಪ್ಲಗ್ ಒಂದೊಂದಾಗಿ ಕಿತ್ತರೂ 0.3 ಮೇಲೇಳಲಿಲ್ಲ, ಆದ್ದರಿಂದ ಸೆನ್ಸರುಗಳು ನಿರಪರಾಧಿಗಳು. ಬ್ಯಾಟರಿ ಕಳಚಿ, ಇಸಿಎಂ ಪ್ಲಗ್ಗನ್ನೂ ತೆಗೆದು, ಆ ತಂತಿಗೂ ಬಾಡಿಗೂ ನಡುವಣ ರೋಧವನ್ನು ಅಳೆದರೆ 2 ಓಮ್. ಇಸಿಎಂ ಈಗ ಸರ್ಕಿಟ್ಟಿನಲ್ಲೇ ಇಲ್ಲ, ಶಾರ್ಟ್ ಮಾತ್ರ ಇದೆ! ಅದರ ಮೇಲಿನ ಆರೋಪ ಅಲ್ಲಿಗೆ ಬಿತ್ತು.

ನಾಲ್ಕನೆಯ ಭಾನುವಾರ

ವೈರಿಂಗಿನ ಟೇಪು ಸುಲಿದಾಗ ಒಳಗಿನಿಂದ ತೆಂಗಿನ ನಾರು ಉದುರಿತು. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಹುಡುಕಿ ಬಂದ ಇಲಿಯ ಕೆಲಸವದು. ಒಂದು ತಂತಿಯ ಮೇಲೆ ಉಗುರಿನಷ್ಟು ಉದ್ದಕ್ಕೆ ಹೊದಿಕೆಯೇ ಇರಲಿಲ್ಲ, ಒಳಗಿನ ತಾಮ್ರ ಹಸಿರಾಗಿತ್ತು. ಏರಿನಲ್ಲಿ ಎಂಜಿನ್ ವಾಲಿದಾಗ ಅದೇ ಭಾಗ ಬ್ರಾಕೆಟ್ಟಿಗೆ ತಾಗುತ್ತಿದ್ದಿರಬೇಕು. ಕೆಟ್ಟ ತುಂಡನ್ನು ಕತ್ತರಿಸಿ, ಹೊಸ ತಂತಿ ಬೆಸುಗೆ ಹಾಕಿ, ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಏರಿಸಿದೆ. ಬರೀ ಹೊಸೆದು ಟೇಪು ಸುತ್ತಿದ ಜೋಡಣೆ ಕರಾವಳಿಯಲ್ಲಿ ಎರಡು ಮಳೆಗಾಲ ಬಾಳುವುದಿಲ್ಲ.

ಅರಬೈಲ್ ಘಟ್ಟವನ್ನು ಎರಡು ಬಾರಿ ಹತ್ತಿ ಇಳಿದದ್ದಾಯಿತು. 5 ವೋಲ್ಟ್ ಕದಲಿಲ್ಲ, ಅಳಿಸಿದ ಕೋಡುಗಳು ಮರಳಿಲ್ಲ. ಬಾನೆಟ್ ಕೆಳಗೆ ಇಲಿ ನುಗ್ಗುವ ಸಂದಿಗೆ ತಂತಿ ಜಾಲರಿ ಕಟ್ಟುವುದು ಮತ್ತು ಗೇರ್‌ಬಾಕ್ಸಿನ ಅರ್ತ್ ಪಟ್ಟಿಯನ್ನು ಬದಲಿಸುವುದು ಮುಂದಿನ ವಾರಕ್ಕೆ ಉಳಿದಿವೆ.