ಗಿದ್ಯೋನನ ಲೆಕ್ಕ ಮತ್ತು ನಮ್ಮ ಕನ್ನಡ ಮಾಸ್ಟ್ರು

ಹೈಸ್ಕೂಲಿನಲ್ಲಿ ಕಲಿತ ಬೀಜಗಣಿತದ ಒಂದು ಸಾಲೂ ಈಗ ನೆನಪಿಲ್ಲ. ಆದರೆ ಒಂದು ಲೆಕ್ಕ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಬೈಬಲಿನ ಕಥೆಯ ಗಿದ್ಯೋನ ಇಸ್ರಾಯೇಲಿನ ನಾಯಕ, ಅವನ ಹಿಂದೆ ಯುದ್ಧಕ್ಕೆ ಬಂದವರು 32,000. ಹೆದರಿಕೆ ಇದ್ದವರು ಮನೆಗೆ ಹೋಗಬಹುದು ಎಂದಾಗ 22,000 ಮಂದಿ ಎದ್ದು ನಡೆದರು. ಉಳಿದ 10,000 ಮಂದಿಯನ್ನು ನೀರಿನ ಹತ್ತಿರ ಪರೀಕ್ಷೆ ಮಾಡಿ, ದೇವರು ಕೊನೆಗೆ ಉಳಿಸಿಕೊಂಡದ್ದು 300. ಇದನ್ನು ಹೇಳಿಕೊಟ್ಟದ್ದು ಗಣಿತದವರಲ್ಲ, ನಮ್ಮ ಕನ್ನಡ ಮಾಸ್ಟ್ರು.

ಅವರು ತೀರಿಕೊಂಡ ಸುದ್ದಿ ಈ ಮಳೆಗಾಲದಲ್ಲಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂತು. ಆದವರೆಲ್ಲ ಮಂಗಳೂರಿಗೆ ಹೋದೆವು. ಇಗರ್ಜಿಯ ಅಂಗಳದಲ್ಲಿ ಕೊಡೆ ಹಿಡಿದು ನಿಂತವರಲ್ಲಿ ಡಾಕ್ಟರಿದ್ದರು, ಮೀನಿನ ವ್ಯಾಪಾರದವರಿದ್ದರು, ದುಬೈಯಿಂದ ಬಂದವರೂ ಇದ್ದರು. ಆಮೇಲೆ ಹೋಟೆಲಿನಲ್ಲಿ ಕೂತು ಚಾ ಕುಡಿಯುತ್ತಾ ಅವರದ್ದೇ ಮಾತು. ಯಾವ ಪದ್ಯ ಕಲಿಸಿದರು, ಯಾವ ಗದ್ಯ ಕಲಿಸಿದರು ಅಂತ ಒಬ್ಬನೂ ಹೇಳಲಿಲ್ಲ. ಎಲ್ಲರ ಬಾಯಲ್ಲೂ ಮಡಕೆಯ ಕಥೆಯೇ!

ಈಗಿನ ಮಕ್ಕಳಿಗಾಗಿ ಅದನ್ನು ಇನ್ನೊಮ್ಮೆ ಹೇಳುತ್ತೇನೆ. ಬೈಬಲ್ ಕ್ಲಾಸು ಕ್ರೈಸ್ತ ಹುಡುಗರಿಗೆ ಮಾತ್ರ, ಉಳಿದವರಿಗೆ ನೀತಿಪಾಠ. ಆದರೆ ಮಾಸ್ಟ್ರ ಕಥೆ ಕೇಳಲು ನೀತಿಪಾಠದವರೂ ಬಂದು ಹಿಂದಿನ ಬೆಂಚಿನಲ್ಲಿ ಸೇರಿಕೊಳ್ಳುತ್ತಿದ್ದರು. ಒಂದು ದಿನ ಗಿದ್ಯೋನನ 300 ಜನ ರಾತ್ರಿ ಹೊತ್ತು ಕೊಡಗಳೊಳಗೆ ಪಂಜು ಬಚ್ಚಿಟ್ಟುಕೊಂಡು ಹೋಗಿ, ಕೊಡ ಒಡೆದು, ಕೊಂಬು ಊದಿ, ಶತ್ರುಗಳಾದ ಮಿದ್ಯಾನ್ಯರ ಪಾಳೆಯವನ್ನೇ ಓಡಿಸಿದ ಪಾಠ ಆಯಿತು. ಬೋರ್ಡಿಂಗಿನಲ್ಲಿ ನಾವು ಒಂಬತ್ತನೆಯವರು. ಮಿದ್ಯಾನ್ಯರು ಯಾರು ಅಂತ ಬೇರೆ ಹೇಳಬೇಕೇ? ಪಕ್ಕದ ಹಾಲಿನಲ್ಲಿ ಮಲಗಿದ್ದ ಹತ್ತನೆಯವರು. ಪಂಜಿನ ಬದಲು ಟಾರ್ಚ್. ಕೊಂಬಿನ ಬದಲು ಬ್ಯಾಂಡಿನ ಮುರುಕು ಕಹಳೆ. ಕೊಡಕ್ಕೆ ಅಡುಗೆಮನೆಯ ಮಡಕೆ. ನಡುರಾತ್ರಿ ಒಡೆದೆವು, ಊದಿದೆವು, ಯೆಹೋವನಿಗಾಗಿ ಕತ್ತಿ, ಗಿದ್ಯೋನನಿಗಾಗಿ ಕತ್ತಿ ಅಂತ ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವನು ಬೋರ್ಡಿಂಗಿನವನೇ ಅಲ್ಲ, ಗೋಡೆ ಹಾರಿ ಬಂದಿದ್ದ ನೀತಿಪಾಠದ ಭಟ್ಟರ ಹುಡುಗ. ಯೋಜನೆ ನನ್ನದು ಅಂತ ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ.

ಬೆಳಗ್ಗೆ ಹೆಡ್ಮಾಸ್ಟ್ರು ಬೆತ್ತ ತೆಗೆಯುವ ಮೊದಲೇ ಕನ್ನಡ ಮಾಸ್ಟ್ರು ಬಂದರು. "ಗಿದ್ಯೋನನ ಹತ್ತಿರ ಮುನ್ನೂರು ಕೊಡ ಇತ್ತು ಮಾರಾಯ. ನಮ್ಮಲ್ಲಿ ಇದ್ದದ್ದೇ ಎರಡು. ಗಂಜಿ ಎಲ್ಲಿ ಬೇಯಿಸುವುದು?" ಸಂತೆಯಿಂದ ಹೊಸ ಮಡಕೆ ತಲೆಯ ಮೇಲೆ ಹೊತ್ತು ತರಿಸಿದರು. ತಂದು ಇಳಿಸುವಾಗ ಹೇಳಿದರು: "ಒಡೆದದ್ದು ಮಾತ್ರ ನಿಮಗೆ ನೆನಪುಂಟು. ಅವನು ಹೆದರಿ ದ್ರಾಕ್ಷಿಯ ತೊಟ್ಟಿಯಲ್ಲಿ ಅಡಗಿ ಗೋಧಿ ಬಡಿಯುತ್ತಿದ್ದದ್ದು? ಕಥೆ ಶುರುವಾಗುವುದೇ ಅಲ್ಲಿ."

ಹೆದರುವವರೆಂದರೆ ಅವರಿಗೆ ಪ್ರೀತಿ ಜಾಸ್ತಿ. ನನಗೆ ಆಗ ಉಗ್ಗು. ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಲೂಕನ ಸುವಾರ್ತೆ ಓದುವವನು ನೀನೇ ಎಂದುಬಿಟ್ಟರು. ನನಗೆ ಮಾತು ಬರುವುದಿಲ್ಲ ಸಾರ್ ಅಂದೆ. "ಮೋಶೆಯೂ ಇದೇ ನೆಪ ಹೇಳಿದ. ದೇವರು ನಾಲಗೆ ಸರಿಮಾಡಿ ಕೊಡಲಿಲ್ಲ, ಜೊತೆಗೆ ಅಣ್ಣನನ್ನು ಕಳಿಸಿದ" ಎಂದರು. ಆ ಸಂಜೆ ಅವರು ಮೊದಲ ಸಾಲಿನಲ್ಲಿ ಕೂತು, ನನ್ನ ಜೊತೆ ಪ್ರತಿ ಪದಕ್ಕೂ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದರು. ನಾನು ಎಲ್ಲಿ ನಿಂತೆನೋ ಅಲ್ಲಿ ಅವರೂ ನಿಲ್ಲುತ್ತಿದ್ದರು. ಉಗ್ಗು ಪೂರ್ತಿ ಹೋಗಲಿಲ್ಲ, ಓದಿ ಮಾತ್ರ ಮುಗಿಸಿದೆ. ಮುಂದೆ ಬ್ಯಾಂಕಿನಲ್ಲಿ ದೊಡ್ಡ ಸಭೆಗಳಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದೆ, ನಿವೃತ್ತಿಯ ದಿನ ಶಾಲು, ಹಾರ, ಫಲಕ ಎಲ್ಲ ಆಯಿತು. ಅದು ಇರಲಿ.

ಲೈಬ್ರರಿಯಲ್ಲಿ ಕಿಟ್ಟೆಲ್ ನಿಘಂಟು ಇತ್ತು. ಒಂದು ಕೈಯಲ್ಲಿ ಎತ್ತಿ ನೋಡು ಅನ್ನುತ್ತಿದ್ದರು, ಎತ್ತಲು ಆಗುತ್ತಿರಲಿಲ್ಲ. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿ ಕಿಟ್ಟೆಲ್ ಈ ನಾಡಿಗೆ ಬಂದದ್ದು 1853ರಲ್ಲಿ. ಸುಮಾರು 70,000 ಪದಗಳ ನಿಘಂಟು ನಮ್ಮ ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. "ಸುಮ್ನೆ ಪ್ರಾರ್ಥನೆ ಮಾಡುತ್ತಾ ಕೂತಿದ್ದರೆ ಅವರು 'ಅ'ಕಾರ ದಾಟುತ್ತಿರಲಿಲ್ಲ. ಪ್ರಾರ್ಥನೆಯೇ ಇಲ್ಲದಿದ್ದರೆ 'ಕ'ಕಾರದ ಹೊತ್ತಿಗೆ ಊರಿನ ಹಡಗು ಹತ್ತಿರುತ್ತಿದ್ದರು. ಪಕ್ಕದಲ್ಲಿ ಕೂತು ಹೇಳಿಕೊಟ್ಟ ಇಲ್ಲಿಯ ಪಂಡಿತರನ್ನೂ ಮರೆಯಬೇಡಿ."

ಪರೀಕ್ಷೆ ಬಂದಾಗ ನಾವೆಲ್ಲ ಹಾಲ್‌ಟಿಕೆಟಿನ ಹಿಂದೆ ಫಿಲಿಪ್ಪಿ ನಾಲ್ಕು ಹದಿಮೂರು ಅಂತ ಬರೆದುಕೊಳ್ಳುತ್ತಿದ್ದೆವು. ಬೈಬಲಿನಲ್ಲಿ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ, ಬಲಪಡಿಸುವಾತನಿಂದ ಎಲ್ಲಕ್ಕೂ ಶಕ್ತನು ಅನ್ನುವ ವಾಕ್ಯ. ಮಾಸ್ಟ್ರಿಗೆ ಅದು ಕಂಡರೆ ಸಿಟ್ಟು. "ಹನ್ನೆರಡನೆಯ ವಚನ ಓದಿದ್ದೀಯಾ? ಹಸಿದಿರಲೂ ಗೊತ್ತು, ಹೊಟ್ಟೆ ತುಂಬಿರಲೂ ಗೊತ್ತು ಅಂತ ಪೌಲ ಬರೆದದ್ದು ಸೆರೆಯಲ್ಲಿ ಕೂತು. ಫಸ್ಟ್ ಕ್ಲಾಸಿಗಲ್ಲ." ಆಗ ಬೈಗುಳ ಅಂತ ನಕ್ಕೆವು. ಅವರ ಹೆಂಡತಿ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದು ಎಷ್ಟೋ ವರ್ಷ ಆಗಿತ್ತು ಅನ್ನುವುದು ನಮಗೆ ಆಮೇಲೆ ಗೊತ್ತಾಯಿತು. ಬೆಳಗ್ಗೆ ಅವರನ್ನು ತೊಳೆದು, ಗಂಜಿ ಕುಡಿಸಿ, ಮೊದಲ ಗಂಟೆಗೆ ನಮ್ಮ ಕ್ಲಾಸಿನಲ್ಲಿ ಇರುತ್ತಿದ್ದರು. ತಡವಾದದ್ದು ನಾನು ಕಂಡಿಲ್ಲ. ಒಮ್ಮೆ, ನಾನು ಕೆಲಸಕ್ಕೆ ಸೇರಿದ ಮೇಲೆ, ಹೇಗೆ ಆಗುತ್ತದೆ ಸಾರ್ ಎಂದು ಕೇಳಿದೆ. "ನಾಳೆಯ ಬಲ ಇವತ್ತು ಕೇಳುವುದಿಲ್ಲ, ಅಷ್ಟೇ" ಎಂದರು. ಆಮೇಲೆ ನನ್ನ ಸಂಬಳ ಎಷ್ಟು ಅಂತ ವಿಚಾರಿಸಿದರು!

ಈಗ ಅದೇ ವಾಕ್ಯ ಕಾರಿನ ಗಾಜಿನ ಮೇಲೆ ಇದೆ, ಪೆನ್ನಿನ ಮೇಲೂ ಇದೆ. ಪೆನ್ನಿಗೆ ಪ್ರಾರ್ಥನೆ ಮಾಡಿಸುತ್ತಾರೆ, ಕೋಚಿಂಗಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ. ಸೋಲುವ ಸಂಭವ ಇರುವ ಕೆಲಸಕ್ಕೆ ಮಾತ್ರ ಮಗುವನ್ನು ಕಳಿಸುವುದಿಲ್ಲ. ಚೆನ್ನಾಗಿ ಮಾತಾಡುವ ಮಗುವೇ ಪ್ರತಿ ವರ್ಷ ವೇದಿಕೆ ಹತ್ತುತ್ತದೆ. ಉಗ್ಗುವವನು ಕುರ್ಚಿ ಜೋಡಿಸುತ್ತಾನೆ, ಅಲ್ವಾ? ಈಗಿನ ಶಿಕ್ಷಕರನ್ನು ದೂರುತ್ತಿಲ್ಲ, ಅವರಿಗೆ ತುಂಬಬೇಕಾದ ಕಾಲಂಗಳೇ ಸಾವಿರ.

ಮಾಸ್ಟ್ರ ನೆನಪಿಗೆ ನಮ್ಮ ಬ್ಯಾಚು ಒಂದು ದತ್ತಿ ಬಹುಮಾನ ಇಡುತ್ತಿದೆ. ಕನ್ನಡದಲ್ಲಿ ಹೆಚ್ಚು ಅಂಕ ತೆಗೆದವರಿಗೆ ಅಂತ ಎಲ್ಲರೂ ಒಪ್ಪಿದ್ದರು. ನಾನು ಜಗಳ ಮಾಡಿ, ವೇದಿಕೆಗೆ ಹೆದರಿಯೂ ಹತ್ತಿದ ಮಗುವಿಗೆ ಅಂತ ಬದಲಾಯಿಸಿದೆ. ಹೆದರಿಕೆಗೆ ಅಂಕ ಹೇಗೆ ಹಾಕುವುದು ಅಂತ ಶಾಲೆಯಿಂದ ಪತ್ರ ಬಂದಿದೆ. ಉತ್ತರ ಇನ್ನೂ ಬರೆದಿಲ್ಲ. ಭಟ್ಟರ ಹುಡುಗ ದತ್ತಿಗೆ ಎಲ್ಲರಿಗಿಂತ ಜಾಸ್ತಿ ಹಣ ಹಾಕಿದ್ದಾನೆ, ನಿಯಮ ಅವನೇ ಬರೆಯಲಿ.