ಹುಟ್ಟಿದ ಊರು ಪುಣೆ: ದತ್ತು ಮಗುವನ್ನು ಕರೆದುಕೊಂಡು ಬರುವವರಿಗೆ

ಡಿಸೆಂಬರ್ ಬಂತೆಂದರೆ ಪುಣೆಯ ಕನ್ನಡದ ಮನೆಗಳಿಗೆ ಹೊರದೇಶದ ನೆಂಟರು ಬರತೊಡಗುತ್ತಾರೆ. ಅವರಲ್ಲಿ ಇಲ್ಲಿಂದಲೇ ಮಗುವನ್ನು ದತ್ತು ಪಡೆದವರೂ ಇರುತ್ತಾರೆ. "ಈ ಸಲ ಅವಳಿಗೆ ಅವಳ ಊರು ತೋರಿಸಬೇಕು, ಎಲ್ಲಿಂದ ಶುರು ಮಾಡೋಣ?" ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಆಸ್ಪತ್ರೆಯಿಂದ, ಇಲ್ಲವೇ ಮಗುವಿದ್ದ ಸಂಸ್ಥೆಯಿಂದ ಎಂದು. ನಮ್ಮ ಪ್ರಕಾರ ಅದು ಮೂರನೆಯ ದಿನದ ಕೆಲಸ. ಮೊದಲು ಊರು ಮಗುವಿಗೆ ಪರಿಚಯವಾಗಲಿ, ಕಟ್ಟಡ ಆಮೇಲೆ.

ಅದಕ್ಕೂ ಮೊದಲು, ವಿಮಾನದ ಟಿಕೆಟ್ ತೆಗೆಯುವ ಮುಂಚೆಯೇ, ದತ್ತಿನ ಕಡತ ಬಿಚ್ಚಿಕೊಂಡು ಕೂರಬೇಕು. 'ಹುಟ್ಟಿದ ಊರು' ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆದರೆ ಕಾಗದದಲ್ಲಿ ಮೂರು ಜಾಗಗಳಿರಬಹುದು: ಮಗು ಹುಟ್ಟಿದ್ದು ಒಂದು ಕಡೆ, ಸಿಕ್ಕಿದ್ದು ಅಥವಾ ಒಪ್ಪಿಸಿದ್ದು ಇನ್ನೊಂದು ಕಡೆ, ದತ್ತು ಹೋಗುವವರೆಗೆ ಬೆಳೆದದ್ದು ಮತ್ತೊಂದು ಕಡೆ. ಪುಣೆ ಜಿಲ್ಲೆ ದೊಡ್ಡದು. ಬಾರಾಮತಿ, ಜುನ್ನರ್, ಇಂದಾಪುರ, ದೌಂಡ್ ಎಲ್ಲವೂ ಅದರೊಳಗೇ ಬರುತ್ತವೆ. ಈ ವಿಷಯದಲ್ಲಿ ಜನನ ಪ್ರಮಾಣಪತ್ರವನ್ನು ನೆಚ್ಚಿಕೊಳ್ಳಬೇಡಿ. ನಿಮ್ಮಿಬ್ಬರ ಹೆಸರಿರುವ ಆ ಪತ್ರ ದತ್ತು ಆದೇಶದ ನಂತರ ಆದದ್ದು. ನೋಡಬೇಕಾದ್ದು ಮಕ್ಕಳ ಕಲ್ಯಾಣ ಸಮಿತಿಯ ಆದೇಶ, ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿ. ಯಾರಿಗೋ ಸಿಕ್ಕ ಮಗುವಾದರೆ ಹುಟ್ಟಿದ ದಿನಾಂಕವೂ ಡಾಕ್ಟರು ಮೈಕಟ್ಟು ನೋಡಿ ಅಂದಾಜಿಸಿದ್ದಾಗಿರಬಹುದು. ಹಾಗಿದ್ದರೆ "ನಾನು ಎಷ್ಟು ಗಂಟೆಗೆ ಹುಟ್ಟಿದೆ?" ಎಂಬ ಪ್ರಶ್ನೆಗೆ "ಗೊತ್ತಿಲ್ಲ ಪುಟ್ಟಾ" ಎನ್ನುವುದೇ ಉತ್ತರ. ಅಲ್ಲಿ ಕಥೆ ಕಟ್ಟಬೇಡಿ. ಜಾತಕ ಬರೆಸಲು ಹೊರಟಿರುವ ಅಜ್ಜಿಗೂ ಇದೇ ಮಾತು.

ತಾಯಿಯೇ ಒಪ್ಪಿಸಿದ ಮಗುವಾದರೆ ಕಡತದಲ್ಲಿ ಒಪ್ಪಿಸಿದ ಪತ್ರದ ಉಲ್ಲೇಖ ಇರುತ್ತದೆ. ಮನಸ್ಸು ಬದಲಾಯಿಸಲು ಕಾನೂನು ಆಕೆಗೆ 60 ದಿನ ಕೊಡುತ್ತದೆ. ಈ ಸಂಗತಿಯನ್ನು ಎಂಟು ಹತ್ತು ವರ್ಷದ ಮಗುವಿಗೆ ಹೇಳುವ ಆತುರ ಬೇಡ. ದೊಡ್ಡವರಿಗೆ ಅದು ಕಾನೂನಿನ ಕರುಣೆ. ಮಗುವಿನ ಕಿವಿಗೆ ಅದೇ ಮಾತು 'ಅರುವತ್ತು ದಿನ ಇತ್ತು, ಆದರೂ ಬರಲಿಲ್ಲ' ಎಂದು ಕೇಳಿಸುತ್ತದೆ.

ಸಂಸ್ಥೆಗೆ ಕನಿಷ್ಠ ಎರಡು ತಿಂಗಳು ಮುಂಚೆ ಬರೆಯಿರಿ. ಪತ್ರದಲ್ಲಿ ಇರಬೇಕಾದ್ದು ದತ್ತು ಆದೇಶದ ಸಂಖ್ಯೆ ಮತ್ತು ದಿನಾಂಕ, ಮಗುವಿಗೆ ಅಲ್ಲಿದ್ದ ಹೆಸರು, ಈಗಿನ ಹೆಸರು, ಈಚಿನ ಒಂದು ಫೋಟೋ. ಎಲ್ಲಕ್ಕಿಂತ ಮುಖ್ಯವಾಗಿ ಮಗುವಿಗೆ ಈಗಾಗಲೇ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ಬರೆಯಿರಿ. ಇದನ್ನು ಬರೆಯದೆ ಬಂದವರ ಮುಂದೆ ಯಾರೋ ಒಬ್ಬರು ಪ್ರೀತಿಯಿಂದಲೇ, ಮಗುವಿನ ಎದುರಿಗೇ, ಹೇಳಬಾರದ್ದನ್ನು ಹೇಳಿಬಿಡಬಹುದು. ಆ ಕಾಲದ ಆಯಾಗಳು ಈಗಲೂ ಇದ್ದಾರೆಯೇ ಎಂದೂ ಕೇಳಿ. ಇಲ್ಲಿ ಅವರನ್ನು 'ಮಾವಶಿ' ಎನ್ನುತ್ತಾರೆ, ನಮ್ಮ ಚಿಕ್ಕಮ್ಮನ ಹಾಗೆ. ಮಗು ಯಾವ ಮಗ್ಗುಲಿಗೆ ಮಲಗುತ್ತಿತ್ತು, ಯಾವ ಹೆಸರಿಟ್ಟು ಕರೆದರೆ ನಗುತ್ತಿತ್ತು ಎಂಬುದು ಯಾವ ವರದಿಯಲ್ಲೂ ಇರುವುದಿಲ್ಲ, ಗೊತ್ತಿದ್ದರೆ ಮಾವಶಿಗೆ ಮಾತ್ರ. ಹೇಳದೆ ಕೇಳದೆ ಗೇಟಿನ ಮುಂದೆ ನಿಂತರೆ ಸಮಾಜ ಕಾರ್ಯಕರ್ತೆ ಆ ದಿನ ಸಮಿತಿಯ ಮುಂದೆ ಹೋಗಿರುತ್ತಾರೆ, ಹಳೆಯ ಕಡತ ಅಟ್ಟದ ಮೇಲಿರುತ್ತದೆ, ಇಲ್ಲವೇ ಕೂಸುಗಳಿಗೆ ಜ್ವರವೆಂದು ಹೊರಗಿನವರನ್ನು ಒಳಗೇ ಬಿಡುವುದಿಲ್ಲ.

ಹೆತ್ತವರ ಬಗ್ಗೆ ತಿಳಿಯುವುದಕ್ಕೆ ಬೇರೆಯೇ ದಾರಿ ಇದೆ. ಕೇಂದ್ರ ದತ್ತು ಪ್ರಾಧಿಕಾರ, ಅಂದರೆ ಕಾರಾ, ಇದನ್ನು ಮೂಲ ಹುಡುಕಾಟ ಎನ್ನುತ್ತದೆ. 18 ತುಂಬಿದವರು ತಾವೇ ಅರ್ಜಿ ಹಾಕಬಹುದು. ಅದಕ್ಕಿಂತ ಚಿಕ್ಕವರಾದರೆ ದತ್ತು ತಂದೆತಾಯಿಯ ಜೊತೆ ಸೇರಿ ಹಾಕಬೇಕು. ಮಗುವಿನ ವಯಸ್ಸು, ತಿಳಿವಳಿಕೆಯನ್ನೂ ನೋಡಲಾಗುತ್ತದೆ. ಮೂರನೆಯವರು ಹುಡುಕುವಂತಿಲ್ಲ. "ನನಗೆ ಪೊಲೀಸಿನಲ್ಲಿ ಗುರುತಿನವರಿದ್ದಾರೆ, ಎರಡು ದಿನದಲ್ಲಿ ಪತ್ತೆ ಮಾಡಿಸ್ತೀನಿ" ಎನ್ನುವ ಮಾವನನ್ನು ಅಲ್ಲೇ ನಿಲ್ಲಿಸಿ. ಹೆತ್ತಾಕೆಗೆ ತನ್ನ ಗುಟ್ಟನ್ನು ಕಾಪಾಡಿಕೊಳ್ಳುವ ಹಕ್ಕಿದೆ, ಮಗುವಿನ ಹಕ್ಕು ಅದನ್ನು ಮೀರುವಂತಿಲ್ಲ. ಆಕೆಗೆ ಈಗ ಬೇರೆ ಸಂಸಾರ ಇರಬಹುದು. ಹತ್ತು ದಿನದ ರಜೆಯಲ್ಲಿ ಮುಗಿಯುವ ಕೆಲಸ ಇದಲ್ಲ. 'ಅಮ್ಮನನ್ನು ನೋಡಲು ಹೋಗೋಣ' ಎಂಬ ಮಾತು ಮಗುವಿನ ಕಿವಿಗೆ ಬೀಳಲೇಬಾರದು.

ಇನ್ನು ಊರು. ಕಾಲ ನವೆಂಬರ್‌ನಿಂದ ಫೆಬ್ರವರಿ. ಆಷಾಢ ಏಕಾದಶಿಗೆಂದು ಪಂಢರಪುರಕ್ಕೆ ಹೊರಟ ಆಳಂದಿ, ದೇಹೂಗಳ ಪಾಲಖಿಗಳು (ಪಲ್ಲಕ್ಕಿಗಳು) ಪುಣೆಯಲ್ಲಿ ತಂಗುವಾಗ ಮತ್ತು ಗಣಪತಿಯ ಹತ್ತು ದಿನ ಪೇಟೆಯ ರಸ್ತೆಗಳು ಮುಚ್ಚುತ್ತವೆ. ನೋಡಲು ಚೆಂದವೇನೋ ಹೌದು, ಆದರೆ ಮನಸ್ಸು ತುಂಬಿಕೊಂಡ ಮಗುವಿಗೆ ಆ ಡೋಲು, ಆ ನೂಕುನುಗ್ಗಲು ಬೇಡ. ಹುಟ್ಟುಹಬ್ಬದ ದಿನವೂ ಸಂಸ್ಥೆಗೆ ಹೋಗುವುದು ಬೇಡ, ಮುಂದೆ ವರ್ಷವರ್ಷವೂ ಆ ದಿನಕ್ಕೆ ಈ ಭಾರ ಅಂಟಿಕೊಳ್ಳುತ್ತದೆ.

ಮೊದಲ ದಿನ ಬರೀ ತಿರುಗಾಟ. ಸ್ವಾರಗೇಟ್‌ವರೆಗಿನ ಮೆಟ್ರೋ 2024ರ ಸೆಪ್ಟೆಂಬರಿನಲ್ಲಿ ಶುರುವಾದ ಮೇಲೆ ಪೇಟೆಗೆ ಹೋಗುವುದು ಸುಲಭವಾಗಿದೆ. ಮಂಡಯಿ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ತರಕಾರಿ ಮಾರುಕಟ್ಟೆ, ಪಕ್ಕದಲ್ಲೇ ತುಳಶಿಬಾಗ್ ಎಂಬ ಅಂಗಡಿಸಾಲು. ಬಳೆ, ಪುಟ್ಟ ಹಿತ್ತಾಳೆ ಪಾತ್ರೆ, ಮಗು ಕೈಯಾರೆ ಆರಿಸಿದ ಒಂದು ವಸ್ತು ಸಾಕು. ಮೂರು ಮರಾಠಿ ಮಾತು ಕಲಿಸಿಕೊಂಡು ಬನ್ನಿ: 'ಕಾಯ್ ನಾವ್' (ಹೆಸರೇನು), 'ಕಿತೀಲಾ' (ಎಷ್ಟಕ್ಕೆ), 'ಪಾಣೀ ದ್ಯಾ' (ನೀರು ಕೊಡಿ). ತನ್ನ ಊರಿನಲ್ಲಿ ತಾನೇ ಬಾಯಿ ತೆರೆದು ಏನೋ ಕೊಂಡ ಮಗು ಊರನ್ನು ನೋಡುವ ಬಗೆಯೇ ಬೇರೆ. ಸಂಜೆ ಪರ್ವತಿ ಗುಡ್ಡದ 103 ಮೆಟ್ಟಿಲು ಹತ್ತಿಸಿ, ಅಲ್ಲಿಂದ ಇಡೀ ಊರು ಕಾಣುತ್ತದೆ. ಖಾರದ ಮಿಸಳ್ ಮೊದಲ ದಿನವೇ ಬೇಡ. ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ನಮ್ಮ ಕರಾವಳಿಯ ಶೆಟ್ಟರು ಕಟ್ಟಿ ಬೆಳೆಸಿದ ವೈಶಾಲಿ ಹೋಟೆಲಿನಲ್ಲಿ ದೋಸೆ ಸಿಗುತ್ತದೆ, ಮನೆಯ ರುಚಿಯೂ ಆಯಿತು.

ಎರಡನೆಯ ದಿನ ಗಂಜ್ ಪೇಟೆಯ ಫುಲೆವಾಡಾ, ಅಂದರೆ ಸಮಾಜ ಸುಧಾರಕರಾದ ಫುಲೆ ದಂಪತಿ ಇದ್ದ ಮನೆ. ದತ್ತು ಮಗುವಿಗೆ ಪುಣೆಯಲ್ಲಿ ಒಂದೇ ಒಂದು ಜಾಗ ತೋರಿಸುವುದಾದರೆ ಇದನ್ನೇ ತೋರಿಸಿ. ಬಸಿರಾದ ವಿಧವೆಯರು ಗುಟ್ಟಾಗಿ ಬಂದು ಹೆತ್ತು, ಬೇಕಾದರೆ ಮಗುವನ್ನು ಅಲ್ಲೇ ಬಿಟ್ಟು ಹೋಗಬಹುದಾದ ಆಸರೆಯನ್ನು ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1863ರಲ್ಲಿ ಪುಣೆಯಲ್ಲಿ ತೆರೆದರು. 1874ರಲ್ಲಿ ಕಾಶೀಬಾಯಿ ಎಂಬ ಬ್ರಾಹ್ಮಣ ವಿಧವೆಗೆ ಹುಟ್ಟಿದ ಗಂಡುಮಗುವನ್ನು ತಾವೇ ದತ್ತು ಪಡೆದು ಯಶವಂತ ಎಂದು ಹೆಸರಿಟ್ಟರು. ಆ ಹುಡುಗ ಮುಂದೆ ಡಾಕ್ಟರಾದ. 1897ರ ಪ್ಲೇಗಿನಲ್ಲಿ ರೋಗಿಗಳಿಗೆ ಚಿಕಿತ್ಸೆ ಕೊಟ್ಟ. ಅದೇ ಸೇವೆಯಲ್ಲಿದ್ದ ಸಾವಿತ್ರಿಬಾಯಿ ಪ್ಲೇಗಿನಿಂದಲೇ ಮಾರ್ಚ್ 10ರಂದು ತೀರಿಕೊಂಡರು. ದೇವಕಿ, ಯಶೋದೆಯರ ಕಥೆ ಹೇಳಿ ಸಮಾಧಾನಪಡಿಸುವುದು ನಮ್ಮ ಮನೆಗಳ ರೂಢಿ. ಆದರೆ ಕೃಷ್ಣ ಕೊನೆಗೆ ದೇವಕಿಯ ಬಳಿಗೇ ಹೋಗುತ್ತಾನಲ್ಲ, ಮಕ್ಕಳು ಅದನ್ನು ಗಮನಿಸುತ್ತಾರೆ. ಕರ್ಣನ ಕಥೆಯಂತೂ ಬೇಡವೇ ಬೇಡ, "ನನ್ನನ್ನೂ ಹೊಳೆಯಲ್ಲಿ ಬಿಟ್ಟರಾ?" ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಯಶವಂತನ ಕಥೆ ನಡೆದದ್ದು, ಈ ಊರಿನಲ್ಲೇ ನಡೆದದ್ದು. ಜ್ಯೋತಿಬಾ ಹುಟ್ಟಿದ ಏಪ್ರಿಲ್ 11 ಮತ್ತು ತೀರಿಕೊಂಡ ನವೆಂಬರ್ 28ರಂದು ಮಾತ್ರ ಅಲ್ಲಿ ಜನವೋ ಜನ.

ಕಡತದಲ್ಲಿ ಸಸೂನ್ ಆಸ್ಪತ್ರೆಯ ಹೆಸರಿದ್ದರೆ ಹೊರಗಿನಿಂದ ಹಳೆಯ ಕಲ್ಲಿನ ಕಟ್ಟಡ ತೋರಿಸಿದರೆ ಸಾಕು. ರೈಲು ನಿಲ್ದಾಣಕ್ಕೆ ಹತ್ತಿರ. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡು ಯಾರೂ ನೋಡಿಕೊಂಡು ಬರುವ ಜಾಗವಲ್ಲ.

ಮೂರನೆಯ ದಿನ ಸಂಸ್ಥೆ. ಗೇಟಿನ ಬಳಿ ಒಂದು ತೊಟ್ಟಿಲು ಇರಬಹುದು, ಮರಾಠಿಯಲ್ಲಿ 'ಪಾಳಣಾ'. ಸಾಕಲಾಗದವರು ಮಗುವನ್ನು ಬೀದಿಯಲ್ಲಿ ಬಿಡದೆ ಅದರಲ್ಲಿ ಮಲಗಿಸಿ ಹೋಗಲಿ ಎಂದು ಇಟ್ಟದ್ದು. ಇದನ್ನು ಹಿಂದಿನ ರಾತ್ರಿಯೇ ಹೇಳಿರಿ. ಗೇಟಿನಲ್ಲಿ ಒಮ್ಮೆಲೇ ಕಂಡರೆ ಮಗು ಅಲ್ಲೇ ನಿಂತುಬಿಡುತ್ತದೆ. ಒಳಗೆ ಮುಕ್ಕಾಲು ಗಂಟೆ ಸಾಕು. "ಸಾಕು" ಎನ್ನಲು ಒಂದು ಸನ್ನೆ ಮಾಡಿಕೊಳ್ಳಿ, ಅಮ್ಮನ ಬೆರಳನ್ನು ಎರಡು ಸಲ ಒತ್ತುವುದಾದರೂ ಆದೀತು. ಅಲ್ಲಿರುವ ಕೂಸುಗಳ ಫೋಟೋ ತೆಗೆಯಲೇಬೇಡಿ. ಅವರ ಗುರುತು ಮಾಧ್ಯಮದಲ್ಲಿ ಬಯಲು ಮಾಡಿದರೆ ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನಡಿ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕುಟುಂಬದ ವಾಟ್ಸಾಪ್ ಗುಂಪಿಗೂ ಹಾಕಬೇಡಿ, ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು. ಪೇಡೆಯ ಡಬ್ಬಿ ಹಿಡಿದು ಹೋದರೆ ಅದು ಸಿಬ್ಬಂದಿಗೆ ಮಾತ್ರ. ಕೂಸುಗಳಿಗೆ ಏನು ಬೇಕು, ಯಾವ ಅಳತೆಯ ಡೈಪರ್ ಎಂದು ಫೋನಿನಲ್ಲೇ ಕೇಳಿ ತನ್ನಿ.

ಆ ಸಂಜೆ ಯಾರ ಮನೆಗೂ ಊಟಕ್ಕೆ ಒಪ್ಪಿಕೊಳ್ಳಬೇಡಿ. ನೆಂಟರು ಒಳ್ಳೆಯವರೇ, ಆದರೆ "ಏನಂದ್ರು? ಯಾವ ಜನ ಅಂತೆ?" ಎಂದು ಒಬ್ಬರಾದರೂ ಕೇಳುತ್ತಾರೆ. ಕೆಲವು ಮಕ್ಕಳು ಆ ರಾತ್ರಿ ಅಳುತ್ತವೆ, ಕೆಲವು ಸುಮ್ಮಸುಮ್ಮನೆ ಜಗಳ ತೆಗೆಯುತ್ತವೆ, ಹಲವು ಏನೂ ಆಗದವರಂತೆ ಟಿವಿ ನೋಡುತ್ತವೆ. ಪ್ರಶ್ನೆ ಬರುವುದು ವಾರದ ಮೇಲೆ, ಅದೂ ಕಾರಿನಲ್ಲಿ, ಹಿಂದಿನ ಸೀಟಿನಿಂದ. ದಾರಿಯಲ್ಲಿ ಯಾವಳೋ ಹೆಂಗಸನ್ನು ನೋಡಿ "ಅವಳೇ ಇರಬಹುದಾ?" ಎಂದರೆ ನಗಬೇಡಿ, ಬೈಯಲೂ ಬೇಡಿ. "ನಿನ್ನ ಹಾಗೇ ಕೂದಲಿದೆ ಅಲ್ವಾ?" ಎಂದು ಮಾತು ಮುಂದುವರಿಸಿ.

ಹೊರಡುವ ಮುನ್ನ ಒಂದು ಕೆಲಸ. ಮಗುವಿನ ಒಂದು ಫೋಟೋ, ಮಗುವೇ ಬರೆದ ನಾಲ್ಕು ಸಾಲು ಮತ್ತು ನಿಮ್ಮ ಈಗಿನ ವಿಳಾಸವನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ಸಂಸ್ಥೆ ಒಪ್ಪಿದರೆ ಕಡತಕ್ಕೆ ಸೇರಿಸಲು ಕೊಡಿ. ವಿಳಾಸ ಬದಲಾದಾಗಲೆಲ್ಲ ಅವರಿಗೆ ಬರೆದು ತಿಳಿಸಿ.