ಸಿಗ್ನಲ್ ಫುಲ್, ನೆಟ್ ಮಾತ್ರ ಆಮೆ

ಮನೆ ವೈ-ಫೈ ದೂರು ಬಂದಲ್ಲಿಗೆ ಹೋಗಿ ಸರಿಮಾಡುವುದು ನನ್ನ ಕೆಲಸ. ಮೊದಮೊದಲು ನನಗೆ ಗೊತ್ತಿದ್ದ ಮದ್ದು ಒಂದೇ: ರೌಟರಿನ ಪವರ್ ಏರಿಸು. ಅದು ಕೈಕೊಟ್ಟದ್ದು ಒಂದು ಅಪಾರ್ಟ್‌ಮೆಂಟಿನಲ್ಲಿ. ರೌಟರ್ ಪಕ್ಕದಲ್ಲೇ ಕೂತರೂ ರಾತ್ರಿ ಹೊತ್ತು ವಿಡಿಯೊ ಕಾಲ್ ತಡವರಿಸುತ್ತಿತ್ತು. ನಾನೋ ಬೆಳಿಗ್ಗೆ ಹೋಗಿ, ಸ್ಪೀಡ್ ಟೆಸ್ಟ್ ತೋರಿಸಿ, ‘ಎಲ್ಲ ಸರಿಯಿದೆ’ ಎಂದು ಎರಡು ಸಲ ಬಂದಿದ್ದೆ.

ಮೂರನೇ ಸಲ ರಾತ್ರಿ ಹೋದೆ. ವೈ-ಫೈ ಬಳಸುವ ರೇಡಿಯೊ ಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನ ಹಾದಿಗಳಲ್ಲಿ, ಅಂದರೆ ಚಾನೆಲ್‌ಗಳಲ್ಲಿ, 1, 6, 11 ಗಿಜಿಗುಡುತ್ತಿದ್ದವು, 3 ಖಾಲಿ. ಜಾಣನ ಹಾಗೆ 3ಕ್ಕೆ ಹಾಕಿದೆ. ಇನ್ನೂ ಕೆಟ್ಟಿತು!

ಚಾನೆಲ್‌ಗಳ ನಡುವೆ ಅಂತರ 5 ಮೆಗಾಹರ್ಟ್ಸ್. ಒಂದು ರೌಟರ್ ಮೈಚಾಚುವುದು ಕನಿಷ್ಠ 20. ಅಂದರೆ 3ರಲ್ಲಿ ಕೂತವನಿಗೆ 1, 6 ಎರಡರ ಗದ್ದಲವೂ ತಾಗುತ್ತದೆ. ಒಂದೇ ಚಾನೆಲ್‌ನಲ್ಲಿದ್ದರೆ ಅಕ್ಕಪಕ್ಕದ ಸಾಧನಗಳು ಒಂದರ ಮಾತು ಇನ್ನೊಂದು ಕೇಳಿಸಿಕೊಂಡು, ಗಾಳಿ ಖಾಲಿಯಾಗುವವರೆಗೆ ಸುಮ್ಮನಿದ್ದು, ಸರದಿಯಲ್ಲಿ ಮಾತಾಡುತ್ತವೆ. ಬೇರೆ ಚಾನೆಲ್‌ನಿಂದ ಅರ್ಧಂಬರ್ಧ ಒಳಗೆ ನುಗ್ಗಿದರೆ ಮಾತು ಬರೀ ಸದ್ದಾಗಿ ಕೇಳುತ್ತದೆ. ಡಿಕ್ಕಿ, ಮತ್ತೆ ಕಳಿಸುವುದು, ಮತ್ತೆ ಡಿಕ್ಕಿ.

ಪವರ್ ಏರಿಸಿದ್ದೂ ತಪ್ಪೇ. ರೌಟರ್ ಎಷ್ಟೇ ಕೂಗಿದರೂ ಫೋನಿನ ದನಿ ಇದ್ದಷ್ಟೇ. ಮೇಲಾಗಿ ಆ ಕೂಗು ದೂರದ ಮನೆಗಳಿಗೂ ಕೇಳಿ, ಅವೂ ನಮ್ಮ ಸರದಿಗೆ ಸೇರಿಕೊಳ್ಳುತ್ತವೆ. ಪರದೆಯ ಗೆರೆಗಳು ದನಿಯ ಜೋರನ್ನು ತೋರಿಸುತ್ತವೆಯೇ ಹೊರತು ಸರದಿಯ ಉದ್ದವನ್ನಲ್ಲ.

ಆ ಸರದಿಯಲ್ಲಿ ಎಷ್ಟು ಮಂದಿ ಇದ್ದಾರೆ ಎನ್ನುವುದಕ್ಕಿಂತ ಯಾರು ಎಷ್ಟು ನಿಧಾನ ಎನ್ನುವುದು ಮುಖ್ಯ. 1500 ಬೈಟ್‌ನ ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ಕಟ್ಟು, 54 ಎಂಬಿಪಿಎಸ್‌ನಲ್ಲಿ ಮಿಲಿಸೆಕೆಂಡಿನ ಕಾಲು ಭಾಗದೊಳಗೆ ಹೋಗುತ್ತದೆ; 1 ಎಂಬಿಪಿಎಸ್‌ನಲ್ಲಿ ಅದಕ್ಕೇ 12 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತೂ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಎಟಿಎಂ ಸಾಲಿನಲ್ಲಿ ಪಿನ್ ಮರೆತವರು ಮುಂದೆ ನಿಂತ ಹಾಗೆ.

ಮನೆಯವರು ಪಕ್ಕದ ಮನೆಯವರ ಜತೆ ಜಗಳಕ್ಕೇ ಸಿದ್ಧರಾಗಿದ್ದರು. ಸಾಧನಗಳ ಪಟ್ಟಿ ತೆರೆದು ನೋಡಿದರೆ, 1 ಎಂಬಿಪಿಎಸ್‌ಗೆ ಇಳಿದು ತೆವಳುತ್ತಿದ್ದದ್ದು ಅವರದೇ ಬಾಲ್ಕನಿ ಕ್ಯಾಮೆರಾ! ಎರಡು ಗೋಡೆಯಾಚೆಯಿಂದ ಹಗಲೂ ರಾತ್ರಿ ವಿಡಿಯೊ ಕಳಿಸುತ್ತಿತ್ತು. ಬೆಳಿಗ್ಗೆ ನೆರೆಯವರು ಇಲ್ಲದಿದ್ದಾಗ ಅದು ನಡೆದುಹೋಗುತ್ತಿತ್ತು, ರಾತ್ರಿ ನಡೆಯುತ್ತಿರಲಿಲ್ಲ.

ಕ್ಯಾಮೆರಾಕ್ಕೂ ಟಿವಿಗೂ ಕೇಬಲ್ ಎಳೆದೆ. 2.4ನ್ನು 6ನೇ ಚಾನೆಲ್‌ಗೆ ಮರಳಿಸಿ, ಪವರ್ ಇಳಿಸಿದೆ. ಫೋನ್, ಲ್ಯಾಪ್‌ಟಾಪ್ ಎಲ್ಲ ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಸ್‌ಗೆ. ಅದು ಗೋಡೆ ದಾಟಲು ಹೆಣಗಾಡುತ್ತದೆ ಎಂದು ಜನ ಬೈಯುತ್ತಾರೆ, ಆದರೆ ನೆರೆಯವರ ಸದ್ದೂ ಹಾಗೇ ಹೊರಗೆ ಉಳಿಯುತ್ತದಲ್ಲ. ಬಾಲ್ಕನಿಯಲ್ಲಿ ಫೋನ್ ಈಗಲೂ 2.4ಕ್ಕೆ ಜಾರುತ್ತದೆ, ಅಲ್ಲಿ ರಾತ್ರಿ ಈಗಲೂ ನಿಧಾನವೇ. ಅದನ್ನು ಮೊದಲೇ ಹೇಳಿ ಬಂದೆ.